ಏರಿನಲ್ಲಿ ಯಾರೋ ಕೂಗಿದರು

"ಅಲ್ಲಮ್ಮಾ, ದುಡ್ಡು ಬೇಕಿದ್ದರೆ ಕೇಳು, ಕೊಡ್ತೀನಿ. ಅದಕ್ಕೋಸ್ಕರ ನೀನ್ಯಾಕೆ ಅಷ್ಟು ದೂರ ಸೈಕಲ್ ತುಳೀಬೇಕು?" ಸಹಾಯಾರ್ಥ ಸೈಕಲ್ ಯಾತ್ರೆಗೆ ದೇಣಿಗೆ ಕೇಳಲು ಹೋದಾಗ ಚಿಕ್ಕಪ್ಪ ಹೀಗೆ ಕೇಳಿದ್ದರು. ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ನಾನು ಹಗಲಿಡೀ ಬೆವರು ಸುರಿಸಿದ್ದಕ್ಕೆ ಯಾವ ರೋಗಿಯ ನೋವೂ ಇಳಿಯುವುದಿಲ್ಲ. ಇಂಥ ಬಹಳಷ್ಟು ಯಾತ್ರೆಗಳಲ್ಲಿ ಹಣ ಹೊರಡುವ ಮೊದಲೇ ಸೇರಿರುತ್ತದೆ. ಇಷ್ಟು ಸಂಗ್ರಹಿಸದಿದ್ದರೆ ಪ್ರವೇಶವೇ ಇಲ್ಲ ಅನ್ನುವ ನಿಯಮ ಇರುವಲ್ಲಂತೂ ಸರಿಯೇ ಸರಿ. ಅಂದಮೇಲೆ ಮೊದಲ ಪೆಡಲ್ ಒತ್ತುವ ಹೊತ್ತಿಗೆ ಧರ್ಮದ ಕೆಲಸ ಮುಗಿದೇ ಹೋಗಿರುತ್ತದೆ. ಉಳಿದದ್ದೆಲ್ಲ ನನ್ನ ಮತ್ತು ರಸ್ತೆಯ ವ್ಯವಹಾರ.

ಚಿಕ್ಕಪ್ಪನ ಪ್ರಶ್ನೆಯನ್ನು ಮನಃಶಾಸ್ತ್ರಜ್ಞರು ಬೇರೆ ರೀತಿಯಲ್ಲಿ ಕೇಳಿದ್ದಾರೆ. ಕ್ರಿಸ್ಟೋಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತ್ತು. ಒಳ್ಳೆಯ ಕೆಲಸಕ್ಕಾಗಿ ಪಿಕ್‌ನಿಕ್‌ಗೆ ಹೋಗುವುದಾದರೆ ಎಷ್ಟು ಕೊಡ್ತೀರಿ, ಅದೇ ಕೆಲಸಕ್ಕಾಗಿ ಐದು ಮೈಲಿ ಓಡಬೇಕಾದರೆ ಎಷ್ಟು ಕೊಡ್ತೀರಿ ಎಂದು ಕೇಳಿದರೆ, ಕಷ್ಟಪಡುವವರೇ ಹೆಚ್ಚು ಕೊಡಲು ಸಿದ್ಧರಿದ್ದರು. ಅದರಲ್ಲೂ ಕಾರಣ ಮನುಷ್ಯರ ನೋವಿಗೆ ಸಂಬಂಧಪಟ್ಟದ್ದಾಗಿದ್ದರೆ ಈ ಗುಣ ಇನ್ನಷ್ಟು ಎದ್ದು ಕಾಣುತ್ತಿತ್ತು. ಇನ್ನೊಬ್ಬರ ಸಂಕಟಕ್ಕೆ ನಮ್ಮ ಸುಖದಿಂದ ಒಂದಿಷ್ಟು ಎತ್ತಿಕೊಡುವುದು ನಮಗೆ ಸಾಕೆನಿಸುವುದಿಲ್ಲ, ಸಂಕಟದಿಂದಲೇ ಕೊಡಬೇಕು ಅನಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ ಬಿಲ್ಲಿ ಸ್ಟಾರ್ ಎಂಬವರು ಸ್ನೇಹಿತರನ್ನು ಕಟ್ಟಿಕೊಂಡು ಸ್ಪ್ರಿಂಗ್‌ಫೀಲ್ಡ್‌ನಿಂದ ಪ್ರಾವಿನ್ಸ್‌ಟೌನ್ ತನಕ ಸೈಕಲ್ ತುಳಿದರು. ಅವರ ತಾಯಿಯನ್ನು ಕ್ಯಾನ್ಸರ್ ತೆಗೆದುಕೊಂಡು ಹೋಗಿತ್ತು. ಮೊದಲ ಸಲ ಕೂಡಿದ್ದು ಸುಮಾರು 10,200 ಡಾಲರ್. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಆ ಯಾತ್ರೆ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಇದುವರೆಗೆ ಕೊಟ್ಟ ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿದೆ. ಪಿಕ್‌ನಿಕ್ ಮಾಡಿದ್ದರೆ ಇಷ್ಟು ಬರುತ್ತಿತ್ತೇ ಅನ್ನುವುದು ಅನುಮಾನ.

ಚಿಕ್ಕಪ್ಪನಿಗೆ ಇದನ್ನೆಲ್ಲ ಆಮೇಲೆ ಹೇಳಿದೆ. "ಅಂದ್ರೆ ನೀನು ಕಷ್ಟಪಡ್ತೀಯ ಅಂತ ನಾನು ಜಾಸ್ತಿ ಕೊಟ್ಟೆನಾ?" ಎಂದು ನಕ್ಕರು. ಕೊಟ್ಟಿದ್ದು ನಿಜವೇ.

ಆದರೆ ನನ್ನನ್ನು ಕಾಡುತ್ತಿರುವುದು ಇದಲ್ಲ. ದೇಣಿಗೆ ಕೊಟ್ಟವರ ಪಟ್ಟಿ ನನ್ನ ಬಳಿ ಇದೆ. ಅವರೆಲ್ಲ ನನ್ನವರು, ಅವರ ಋಣ ನನಗೆ ಗೊತ್ತು. ಅಷ್ಟಾದರೂ ಆ ಇಡೀ ಯಾತ್ರೆಯಲ್ಲಿ ಕಾಲಿಗೆ ಶಕ್ತಿ ತುಂಬಿದ್ದು ಅವರ ನೆನಪಲ್ಲ. ಹೆಸರು ಗೊತ್ತಿಲ್ಲದ, ಮುಖವನ್ನೂ ಸರಿಯಾಗಿ ನೋಡದ ಜನರ ಕೂಗು. ಸೈಕಲ್ ಹಿಡಿದು ದೂರ ಹೋದ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಗುರುತಿಲ್ಲದವರ ಮಾತಿಗೆ ಇಷ್ಟು ಬಲ ಯಾಕೆ?

ನುಂಗದ ಸಕ್ಕರೆ

ಎರಡನೇ ದಿನ ಮಧ್ಯಾಹ್ನ. ಎದುರುಗಾಳಿ ಬೆಳಗ್ಗೆಯಿಂದ ಬಿಟ್ಟಿರಲಿಲ್ಲ. ಗುಂಪಿನಲ್ಲಿದ್ದರೆ ಗಾಳಿ ಅಷ್ಟು ಕಾಡುವುದಿಲ್ಲ, ಮುಂದಿನವರ ಹಿಂದೆ ಒತ್ತಿಕೊಂಡು ತುಳಿದರೆ ಗಾಳಿಯ ತಡೆ ಮೂರರಲ್ಲಿ ಒಂದು ಪಾಲು ತಗ್ಗಿದರೂ ತಗ್ಗಿತು. ಆದರೆ ನನ್ನ ಗುಂಪು ಊಟದ ನಿಲುಗಡೆಯಲ್ಲೇ ಮುಂದೆ ಹೋಗಿತ್ತು. ಎದುರಿಗೆ ಏರು. ಕಡಿದಾದ ಏರೇನಲ್ಲ, ಉದ್ದದ್ದು, ತಿರುವಿಲ್ಲದ್ದು, ತುದಿ ಕಾಣಿಸುತ್ತಲೇ ಇದ್ದು ಹತ್ತಿರವಾಗದ್ದು. ಕಡಿದಾದ ಏರಿಗಿಂತ ಇಂಥದ್ದು ಕೆಟ್ಟದ್ದು, ಯಾಕೆಂದರೆ ಯೋಚಿಸಲು ಪುರುಸೊತ್ತು ಕೊಡುತ್ತದೆ. ಕೊನೆಯ ಗೇರಿಗೆ ಇಳಿದಾಗಿತ್ತು. ಮುಂದಿನ ಚಕ್ರದ ಮುಂದಿರುವ ಒಂದು ಮೊಳ ಡಾಂಬರು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಇಳಿದು ತಳ್ಳಿದರೆ ಯಾರು ಏನು ಅಂದಾರು ಎಂಬ ಲೆಕ್ಕ ಮನಸ್ಸಿನಲ್ಲಿ ಶುರುವಾಗಿತ್ತು.

ಬಲಗಡೆ ಒಂದು ಕಟ್ಟೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನಮ್ಮನ್ನು ನೋಡಲೆಂದೇ ಬಂದವರಂತೆ ಕಾಣಲಿಲ್ಲ. ಸುಸ್ತಾಗಿ ಕೂತವರಂತಿದ್ದರು, ಪಕ್ಕದಲ್ಲಿ ಒಂದು ಚೀಲವಿತ್ತು. ಚಪ್ಪಾಳೆ ತಟ್ಟಲಿಲ್ಲ. ನಾನು ಸಮೀಪ ಬಂದಾಗ ಎದ್ದು ನಿಂತರು. "ಹೋಗು ತಾಯಿ, ಹೋಗು, ನಿಧಾನಕ್ಕೆ ಹೋಗು" ಅಂದರು. ಅಷ್ಟೇ. ನಾನು ತಲೆ ಆಡಿಸಿದೆನೋ ಇಲ್ಲವೋ ನೆನಪಿಲ್ಲ. ಕೈ ಎತ್ತುವಷ್ಟು ಶಕ್ತಿಯಂತೂ ಇರಲಿಲ್ಲ. ಏರಿನ ತುದಿ ತಲುಪಿದ ಮೇಲೆ ಹೊಳೆಯಿತು: ಇಳಿದು ತಳ್ಳುವ ಲೆಕ್ಕ ಎಲ್ಲಿ ನಿಂತುಹೋಯಿತು ಅನ್ನುವುದೇ ನನಗೆ ತಿಳಿದಿರಲಿಲ್ಲ.

ಮಾತಿನಲ್ಲಿ ಕ್ಯಾಲೊರಿ ಇರುವುದಿಲ್ಲ. ಹಾಗಾದರೆ ಕಾಲಿಗೆ ಸಿಕ್ಕಿದ್ದು ಏನು? ಇದನ್ನು ಯೋಚಿಸುವಾಗ ನನಗೆ ಪದೇ ಪದೇ ನೆನಪಾಗುವುದು 2004ರಲ್ಲಿ ಕಾರ್ಟರ್, ಯೂಕೆನ್‌ಡ್ರುಪ್ ಮತ್ತು ಜೋನ್ಸ್ ಪ್ರಕಟಿಸಿದ ಒಂದು ಪ್ರಯೋಗ. ಪಳಗಿದ ಸೈಕಲ್ ಸವಾರರಿಗೆ ಸುಮಾರು ಒಂದು ಗಂಟೆ ಹಿಡಿಯುವಷ್ಟು ಕೆಲಸ ಕೊಟ್ಟರು. ನಡುನಡುವೆ ಒಂದು ದ್ರಾವಣವನ್ನು ಬಾಯಲ್ಲಿ ಐದು ಸೆಕೆಂಡು ಮುಕ್ಕಳಿಸಿ ಉಗುಳಬೇಕು, ನುಂಗುವಂತಿಲ್ಲ. ಒಂದು ದಿನ ಅದು ಬರೀ ನೀರು, ಇನ್ನೊಂದು ದಿನ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ವಸ್ತು ಕರಗಿಸಿದ ನೀರು. ಅದಕ್ಕೆ ಹೇಳಿಕೊಳ್ಳುವಂಥ ಸಿಹಿಯೂ ಇಲ್ಲ. ಎರಡನೆಯದನ್ನು ಮುಕ್ಕಳಿಸಿದ ದಿನ ಅವರು ಸುಮಾರು 2.9 ಶೇಕಡದಷ್ಟು ಬೇಗ ಮುಗಿಸಿದರು. ಹೊಟ್ಟೆಗೆ ಏನೂ ಹೋಗಿರಲಿಲ್ಲ, ಸ್ನಾಯುಗಳಿಗೆ ಒಂದು ಗುಟುಕೂ ಸಿಕ್ಕಿರಲಿಲ್ಲ. ಬಾಯಿಯಿಂದ ಮಿದುಳಿಗೆ ಒಂದು ಸುದ್ದಿ ಮಾತ್ರ ಹೋಗಿತ್ತು: ಬರ್ತಾ ಇದೆ, ಜಿಪುಣತನ ಬೇಡ. ದಣಿವು ಬರೀ ತೊಡೆಯಲ್ಲಿ ಹುಟ್ಟುವುದಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ತೊಡೆಯಲ್ಲಿ ಇನ್ನೂ ಇದೆ. ಬಿಡುಗಡೆ ಮಾಡಬೇಕಾದವರು ಮೇಲೆ ಕೂತಿದ್ದಾರೆ. ಆ ಹೆಂಗಸಿನ "ಹೋಗು ತಾಯಿ" ನನ್ನ ಮಟ್ಟಿಗೆ ಹಾಗೇ ಕೆಲಸ ಮಾಡಿರಬೇಕು.

ಏರಿನ ಕುರಿತೇ ಇನ್ನೊಂದು ಪ್ರಯೋಗ ಇದೆ. ಮನುಷ್ಯರ ಕಣ್ಣಿಗೆ ಏರು ಯಾವಾಗಲೂ ಇರುವುದಕ್ಕಿಂತ ಕಡಿದಾಗಿಯೇ ಕಾಣುತ್ತದೆ, 5 ಡಿಗ್ರಿಯದನ್ನು 20 ಡಿಗ್ರಿ ಎಂದು ಹೇಳುವಷ್ಟು. (ಇದು ಗೊತ್ತಾದಾಗ ನನಗೆ ಬಹಳ ಸಮಾಧಾನವಾಯಿತು.) ಸಿಮೋನ್ ಶ್ನಾಲ್ ಮತ್ತವರ ಸಂಗಡಿಗರು 2008ರಲ್ಲಿ ತೋರಿಸಿದ್ದು, ಪಕ್ಕದಲ್ಲಿ ಸ್ನೇಹಿತರಿದ್ದರೆ ಅದೇ ಏರು ಕೊಂಚ ತಗ್ಗಿದಂತೆ ಕಾಣುತ್ತದೆ ಎಂದು. ಸ್ನೇಹ ಹಳೆಯದಾದಷ್ಟೂ ಏರು ಇನ್ನಷ್ಟು ತಗ್ಗು. ಇಂಥ ಪ್ರಯೋಗಗಳನ್ನು ಎಲ್ಲರೂ ಒಪ್ಪುವುದಿಲ್ಲ. ಬೆನ್ನಿಗೆ ಭಾರದ ಚೀಲ ಹಾಕಿದರೆ ಏರು ಕಡಿದಾಗಿ ಕಾಣುತ್ತದೆ ಎಂಬ ಇದೇ ಜಾತಿಯ ಫಲಿತಾಂಶವನ್ನು ಫ್ರಾಂಕ್ ಡರ್ಗಿನ್ ಎಂಬ ಸಂಶೋಧಕರು ಕೆಣಕಿದರು: ಪ್ರಯೋಗ ಮಾಡುವವರಿಗೆ ಏನು ಬೇಕೋ ಅದನ್ನು ಊಹಿಸಿ ಜನ ಉತ್ತರ ಕೊಡುತ್ತಿದ್ದಾರೆ ಎಂಬುದು ಅವರ ವಾದ. ಇರಬಹುದು. ನನ್ನ ತಕರಾರು ಬೇರೆ. ಸ್ನೇಹ ಹಳೆಯದಾದಷ್ಟೂ ಏರು ತಗ್ಗುವುದಾದರೆ, ಪರಿಚಯವೇ ಇಲ್ಲದವರು ಕೂಗಿದಾಗ ಅದು ಕದಲಲೇಬಾರದಿತ್ತು.

ನನಗೆ ತೋಚುವ ಕಾರಣ ಇದು. ನನ್ನವರು "ನಿನ್ನ ಕೈಲಿ ಆಗುತ್ತೆ" ಎಂದಾಗ ಅದರ ಹಿಂದೆ ಒಂದು ನಿರೀಕ್ಷೆ ಇರುತ್ತದೆ. ಆಗದಿದ್ದರೆ ಅವರಿಗೆ ಬೇಜಾರು, ಅವರ ಬೇಜಾರಿನಿಂದ ನನಗೆ ಇನ್ನಷ್ಟು ಬೇಜಾರು. ಆ ಮಾತನ್ನೂ ಹೊತ್ತೇ ಏರು ಹತ್ತಬೇಕು. ಕಟ್ಟೆಯ ಮೇಲಿನ ಹೆಂಗಸಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಮುಂದಿನ ತಿರುವಿನಲ್ಲಿ ನಾನು ಇಳಿದರೂ ಅವರಿಗೆ ತಿಳಿಯುವುದಿಲ್ಲ. ನಾನು ಯಾರಿಗಾಗಿ ತುಳಿಯುತ್ತಿದ್ದೇನೆ, ಎಷ್ಟು ಕೂಡಿಸಿದ್ದೇನೆ ಎಂಬುದೂ ತಿಳಿದಿರಲಿಲ್ಲ. ಆ ಮಾತಿಗೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ.

ಇನ್ನೇನು ಬಂತು

ಹಾಗೆಂದು ದಾರಿಬದಿಯ ಮಾತೆಲ್ಲ ಅಮೃತವಲ್ಲ. ದೂರದ ಸವಾರರು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುವ ಒಂದು ಮಾತಿದೆ: "ಇನ್ನೇನು ಬಂತು!" ಹೇಳುವವರ ಮನಸ್ಸು ಚೊಕ್ಕವಾದದ್ದೇ. ಆದರೆ ಹನ್ನೆರಡು ಕಿಲೋಮೀಟರ್ ಉಳಿದಿರುವಾಗ "ಮುಗೀತು, ಆ ತಿರುವಿನಾಚೆ ಅಷ್ಟೇ" ಅಂದರೆ ಕಾಲು ಆ ತಿರುವಿಗೆ ಸರಿಯಾಗಿ ಲೆಕ್ಕ ಹಾಕಿ ಇದ್ದಬದ್ದದ್ದನ್ನು ಖರ್ಚು ಮಾಡಿಬಿಡುತ್ತದೆ. ದೂರದ ಸವಾರಿಯ ಗುಟ್ಟೇ ಉಳಿದ ದೂರಕ್ಕೆ ತಕ್ಕ ಹಾಗೆ ಹಂಚಿಕೊಂಡು ತುಳಿಯುವುದು. ಕೊನೆ ಎಲ್ಲಿದೆ ಅನ್ನುವುದನ್ನು ಇಟ್ಟುಕೊಂಡೇ ಮಿದುಳು ಪ್ರತಿ ಹೆಜ್ಜೆಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುತ್ತದೆ. ಕೊನೆಯ ಗುರುತನ್ನೇ ಜರುಗಿಸಿದರೆ ಇಡೀ ಲೆಕ್ಕ ಕೆಡುತ್ತದೆ. ತಿರುವಿನಾಚೆ ಇನ್ನೊಂದು ಏರು ಕಂಡಾಗ ಆಗುವ ಕುಸಿತ, ಯಾರೂ ಏನೂ ಹೇಳದಿದ್ದರೆ ಆಗುತ್ತಿದ್ದ ದಣಿವಿಗಿಂತ ಹೆಚ್ಚಿನದು.

ಅದೇ ದಿನ ಸಂಜೆ ಒಂದು ಕೂಡುರಸ್ತೆಯಲ್ಲಿ ಸ್ವಯಂಸೇವಕ ಹುಡುಗನೊಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದ. ಹದಿನೇಳು ಹದಿನೆಂಟು ವರ್ಷ ಇರಬಹುದು. ಹಳದಿ ಜಾಕೆಟ್ಟು ಅವನಿಗೆ ಎರಡು ಪಟ್ಟು ದೊಡ್ಡದು. ನಿಲ್ಲಿಸಿ ಕೇಳಿದೆ, ಎಷ್ಟು ಉಳಿದಿದೆ ಅಂತ. ಅವನು ಮುಖ ಸಪ್ಪಗೆ ಮಾಡಿಕೊಂಡೇ ಹೇಳಿದ: "ಅಕ್ಕಾ, ಇನ್ನೂ ಮೂರು ಏರಿವೆ. ಮೊದಲನೇದು ಏನಿಲ್ಲ. ಎರಡನೇದು ಕೆಟ್ಟದ್ದು, ಬಹಳ ಜನ ಅಲ್ಲಿ ಇಳಿದು ತಳ್ತಿದಾರೆ. ಮೂರನೇದು ಚಿಕ್ಕದು. ಆಮೇಲೆ ಪೂರ್ತಿ ಇಳಿಜಾರು." ಸ್ವಲ್ಪ ತಡೆದು, "ಎರಡನೇದಕ್ಕೆ ಹೋಗೋ ಮುಂಚೆ ಏನಾದ್ರೂ ತಿನ್ನಿ" ಎಂದ. ನನ್ನನ್ನು ಹುರಿದುಂಬಿಸುವ ಒಂದು ಮಾತನ್ನೂ ಆಡಲಿಲ್ಲ ಅವನು. ಆ ದಿನ ನನಗೆ ಸಿಕ್ಕ ಅತಿ ದೊಡ್ಡ ಪ್ರೋತ್ಸಾಹ ಅದೇ. ಎರಡನೇ ಏರು ಅವನು ಹೇಳಿದಷ್ಟೇ ಕೆಟ್ಟದಾಗಿತ್ತು. ಆದರೆ ಅದು ನನಗೆ ಮೊದಲೇ ಪರಿಚಯವಾದ ಕೆಟ್ಟದ್ದು. ಮೂರನೆಯದರ ಮೇಲೆ ನಂಬಿಕೆಯಿತ್ತು, ಯಾಕೆಂದರೆ ಎರಡನೆಯದರ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ.

ಜನ ಮುಗಿಯುವ ತನಕ

ಅಪರಿಚಿತರ ಕೂಗಿಗೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದಕ್ಕೆ ಎದುರು ನಿಲ್ಲುವ ಒಂದು ದೊಡ್ಡ ಉದಾಹರಣೆ ಇದೆ. ಅದು ಸೈಕಲ್ಲಿನದಲ್ಲ, ಓಟದ್ದು. ಆದರೆ ಇವತ್ತಿನ ಸಹಾಯಾರ್ಥ ಯಾತ್ರೆಗಳೆಲ್ಲ ಯಾವುದೋ ರೀತಿಯಲ್ಲಿ ಅದರ ನೆರಳಿನಲ್ಲೇ ಇವೆ.

ಕೆನಡಾದ ಟೆರಿ ಫಾಕ್ಸ್‌ಗೆ 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. 1980ರ ಏಪ್ರಿಲ್ 12ರಂದು ಅವನು ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ, ದೇಶದ ಇನ್ನೊಂದು ತುದಿಯ ಕಡೆಗೆ ಓಡಲು ಶುರುಮಾಡಿದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು, ಅಂದರೆ 42 ಕಿಲೋಮೀಟರ್. ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್ ಅವನ ಗುರಿ. ಆರಂಭದ ವಾರಗಳಲ್ಲಿ ಅವನನ್ನು ಕೇಳುವವರು ಬಹಳ ಇರಲಿಲ್ಲ; ಕ್ವಿಬೆಕ್ ಪ್ರಾಂತದಲ್ಲಂತೂ ಬಹುತೇಕ ಗಮನಿಸುವವರೇ ಇಲ್ಲದೆ ಓಡಿದ. ಒಂಟಾರಿಯೋ ತಲುಪುವಷ್ಟರಲ್ಲಿ ರಸ್ತೆಯ ಎರಡೂ ಕಡೆ ಜನ. ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಓಡುತ್ತಿರುವಾಗ ಅವನಿಗೆ ಕೆಮ್ಮು ಬಂತು, ಎದೆಯಲ್ಲಿ ನೋವು ಹಿಡಿಯಿತು. ಮುಂದೆ ರಸ್ತೆಯುದ್ದಕ್ಕೂ ಜನ ನಿಂತಿದ್ದರು, ಬಿಡಬೇಡ, ನಿನ್ನಿಂದ ಆಗುತ್ತೆ ಎಂದು ಕೂಗುತ್ತಿದ್ದರು. ಅವರ ಮುಂದೆ ನಿಲ್ಲುವುದು ಅವನಿಗೆ ಸಾಧ್ಯವಾಗಲಿಲ್ಲ. ಆ ಸಾಲು ಮುಗಿದು, ನೋಡುವವರು ಯಾರೂ ಇಲ್ಲದ ಕಡೆ ಬರುವ ತನಕ ಓಡಿ, ಆಮೇಲೆ ವ್ಯಾನ್ ಹತ್ತಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. 143 ದಿನ, 5,373 ಕಿಲೋಮೀಟರ್. ಮುಂದಿನ ವರ್ಷ ಫೆಬ್ರವರಿ ಹೊತ್ತಿಗೆ ನಿಧಿ 2.4 ಕೋಟಿ ಡಾಲರ್ ದಾಟಿತು, ತಲೆಗೊಂದು ಡಾಲರ್ ಲೆಕ್ಕ ಕೂಡಿಬಂತು. ಜೂನ್ 28ರಂದು ಅವನು ತೀರಿಕೊಂಡ. ಇಪ್ಪತ್ತೆರಡು ವರ್ಷ.

ಈ ಕಥೆಯನ್ನು ಎಲ್ಲರೂ ಛಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಆ ಕೊನೆಯ ಸಾಲಿನಲ್ಲಿ ನಿಂತ ಜನರ ಕಡೆಗೆ ಹೋಗುತ್ತದೆ. ಅವರು ತಪ್ಪು ಮಾಡಲಿಲ್ಲ. ಎದೆಯೊಳಗೆ ಏನಾಗುತ್ತಿದೆ ಎಂದು ರಸ್ತೆಯ ಬದಿಯಿಂದ ಕಾಣುವುದಿಲ್ಲ. ಆದರೆ ಕಟ್ಟೆಯ ಮೇಲೆ ಒಬ್ಬರೇ ಕೂತ ಹೆಂಗಸಿನ ಮಾತಿಗೂ, ರಸ್ತೆಯುದ್ದಕ್ಕೂ ಒತ್ತಾಗಿ ನಿಂತ ಸಾವಿರ ಜನರ ಕೂಗಿಗೂ ವ್ಯತ್ಯಾಸವಿದೆ. ಒಬ್ಬರ ಮಾತನ್ನು ತೆಗೆದುಕೊಂಡು ಹೋಗಬಹುದು, ಬಿಟ್ಟೂ ಹೋಗಬಹುದು. ಸಾವಿರ ಜನ ಒಟ್ಟಾಗಿ ಬಿಡಬೇಡ ಎಂದಾಗ ನಿಲ್ಲುವ ಸ್ವಾತಂತ್ರ್ಯ ಹೋಗಿಬಿಡುತ್ತದೆ. ಅಪರಿಚಿತರು ಗುಂಪಾದ ಕೂಡಲೇ ಅವರೂ ನಮ್ಮವರಾಗಿ, ಅವರ ನಿರೀಕ್ಷೆಯೂ ನಮ್ಮ ಬೆನ್ನಿಗೇರುತ್ತದೆ. ಸೈಕಲ್ ಯಾತ್ರೆಗಳ ಕೊನೆಯ ಕಿಲೋಮೀಟರಿನಲ್ಲಿ, ಧ್ವನಿವರ್ಧಕ ಮತ್ತು ಚಪ್ಪಾಳೆಗಳ ನಡುವೆ, ಮೊಣಕಾಲು ಊದಿದವರೂ ನಗುತ್ತಾ ವೇಗ ಹೆಚ್ಚಿಸುವುದನ್ನು ನೋಡಿದ್ದೇನೆ. ಮರುದಿನ ಮೆಟ್ಟಿಲು ಇಳಿಯಲಾಗದೆ ಕೂತವರನ್ನೂ ನೋಡಿದ್ದೇನೆ.

ಬಾಲದ ತುದಿಯಲ್ಲಿ

ಇನ್ನೊಂದು ವಿಷಯ, ಹಿಂದೆ ಉಳಿಯುವವರಿಗೆ ಮಾತ್ರ ಗೊತ್ತಿರುವುದು. ನಾನು ಯಾವತ್ತೂ ಕೊನೆಯ ಗುಂಪಿನವಳು. ಬೆಳಗ್ಗೆ ಸಾಲಾಗಿ ನಿಂತ ಜನ ಮಧ್ಯಾಹ್ನಕ್ಕೆ ಮನೆಗೆ ಹೋಗಿರುತ್ತಾರೆ. ನೀರಿನ ಮೇಜು ಮಡಚಿ ಗಾಡಿಗೆ ಏರಿಸಿರುತ್ತಾರೆ. ಮೊದಲು ಬಂದವರಿಗೆ, ಹೆಚ್ಚು ಬೇಕಿಲ್ಲದವರಿಗೆ, ಚಪ್ಪಾಳೆಯ ಮಳೆ. ದಿನವಿಡೀ ಬಿಸಿಲುಂಡು ಬಂದವರಿಗೆ ಖಾಲಿ ರಸ್ತೆ. ವ್ಯವಸ್ಥಾಪಕರನ್ನು ದೂರಿ ಪ್ರಯೋಜನವಿಲ್ಲ, ಜನರಿಗೂ ಅವರ ಕೆಲಸಗಳಿವೆ. ಆದ್ದರಿಂದಲೇ ಸಂಜೆ ಮೇಲೆ ಸಿಗುವ ಒಂಟಿ ಕೂಗಿನ ತೂಕ ಬೇರೆ.

ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ ಬಗ್ಗೆ ಹೋಗಿಬಂದವರು ಹೇಳುವುದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಗಿದೆ. 1891ರಲ್ಲಿ ಪಂದ್ಯವಾಗಿ ಶುರುವಾಗಿ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರಲ್ಲಿ ಸುಮಾರು 1,200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸಬೇಕು. ಅಂದರೆ ರಾತ್ರಿಯೂ ತುಳಿಯಲೇಬೇಕು. ಸವಾರರ ಸ್ವಂತ ಬೆಂಬಲದ ಗಾಡಿಗಳು ನಿಗದಿಯಾದ ತಪಾಸಣಾ ಠಾಣೆಗಳಲ್ಲಿ ಬಿಟ್ಟರೆ ನೆರವು ಕೊಡುವಂತಿಲ್ಲ. ಆದರೆ ಹಳ್ಳಿಯ ಜನ ನಡುರಾತ್ರಿ ಮನೆ ಮುಂದೆ ಮೇಜು ಹಾಕಿ, ನೀರು, ಬಿಸಿ ಕಾಫಿ ಇಟ್ಟು ಕಾಯುತ್ತಾರೆ. ಹಣ ತೆಗೆದುಕೊಳ್ಳದೆ, ಊರಿಗೆ ಹೋದ ಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ ಸಾಕು ಎನ್ನುವವರೂ ಇದ್ದಾರೆ. ಅದು ಸಹಾಯಾರ್ಥ ಯಾತ್ರೆಯೂ ಅಲ್ಲ. ಆ ಸವಾರ ಯಾವ ಒಳ್ಳೆಯ ಕೆಲಸಕ್ಕೂ ಹೊರಟಿಲ್ಲ ಎಂದು ಗೊತ್ತಿದ್ದೂ ಎದ್ದು ಕೂತಿರುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಶುರುವಾದ ಏಡ್ಸ್ ಯಾತ್ರೆಯನ್ನೂ ಇಲ್ಲಿ ನೆನೆಯಬೇಕು. ಆಗಿನ್ನೂ ಎಚ್‌ಐವಿಯನ್ನು ಹತೋಟಿಯಲ್ಲಿಡುವ, ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವ 1996ರ ಸಂಯೋಜಿತ ಔಷಧಿಗಳು ಬಂದಿರಲಿಲ್ಲ. ಸೋಂಕು ತಗುಲಿದವರ ಹತ್ತಿರ ಕೂರಲೂ ಹೆದರುವವರಿದ್ದ ಕಾಲ. 2002ರಿಂದ ಏಡ್ಸ್/ಲೈಫ್‌ಸೈಕಲ್ ಎಂಬ ಹೆಸರಿನಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್ ತನಕ ಏಳು ದಿನ, 545 ಮೈಲಿ ನಡೆಯಿತು, 2025ರದೇ ಕೊನೆಯದು. ಅದರಲ್ಲಿ ಎಚ್‌ಐವಿ ಇರುವ ಸವಾರರ ಒಂದು ಬಳಗ ಸೈಕಲ್ಲಿಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟಿಕೊಂಡು ತುಳಿಯುತ್ತಿತ್ತು. ಬಾವುಟ ನೋಡಿ ಚಪ್ಪಾಳೆ ತಟ್ಟುವವರು ದೂರ ಹೋಗಲು ಹುರಿದುಂಬಿಸುತ್ತಿದ್ದರು ಅಷ್ಟೇ ಎಂದು ನನಗೆ ಅನಿಸುವುದಿಲ್ಲ. ಕಾಣಿಸಿಕೊಂಡರೆ ಜನ ಮುಖ ತಿರುಗಿಸಿಯಾರು ಎಂಬ ಭಯ ಹೊತ್ತವರಿಗೆ ಆ ಸದ್ದು ಬೇರೆಯದೇ ಸುದ್ದಿ ಕೊಟ್ಟಿರಬೇಕು.

ತುಳಿಯದ ವರ್ಷಗಳಲ್ಲಿ ನಾನು ಈಗ ರಸ್ತೆಯ ಬದಿಗೆ ಹೋಗಿ ನಿಲ್ಲುತ್ತೇನೆ, ಮಧ್ಯಾಹ್ನದ ಮೇಲೆ, ಬಾಲದವರು ಬರುವ ಹೊತ್ತಿಗೆ. ಏನು ಕೂಗಬೇಕು ಅನ್ನುವುದೇ ಕಷ್ಟ. ಇನ್ನೇನು ಬಂತು ಎನ್ನುವುದಿಲ್ಲ. ಎದೆಯ ಮೇಲಿನ ಸಂಖ್ಯೆ ಓದಿ ಕೂಗುತ್ತೇನೆ, ಅದು ತಮಗೇ ಹೇಳಿದ್ದು ಎಂದು ಗೊತ್ತಾಗಲಿ ಅಂತ. ಕೇಳಿದವರಿಗೆ ಉಳಿದ ದೂರವನ್ನು ಇದ್ದ ಹಾಗೇ ಹೇಳುತ್ತೇನೆ. ಇಳಿದು ಕೂತವರಿದ್ದರೆ ಕೂಗುವುದೇ ಇಲ್ಲ, ಹತ್ತಿರ ಹೋಗಿ ನೀರು ಬೇಕಾ ಎಂದು ಕೇಳುತ್ತೇನೆ.

ಕಳೆದ ಸಲ ಒಬ್ಬರು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಿದ್ದರು. ನೀರು ಕುಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದೆ ಹೇಗಿದೆ ಮೇಡಂ?" ಅಂದರು.

"ನಾಲ್ಕು ಕಿಲೋಮೀಟರ್ ಏರು ಸರ್. ನೆರಳಿಲ್ಲ. ಹಿಂದೆ ವ್ಯಾನ್ ಬರ್ತಾ ಇದೆ, ಇನ್ನು ಹತ್ತು ನಿಮಿಷದಲ್ಲಿ ಇಲ್ಲಿರುತ್ತೆ."

ಅವರು ಏರಿನ ಕಡೆ ಒಮ್ಮೆ ನೋಡಿದರು, ತಮ್ಮ ಮೊಣಕಾಲನ್ನು ಒಮ್ಮೆ ಒತ್ತಿ ನೋಡಿದರು. "ಹಾಗಾದ್ರೆ ವ್ಯಾನೇ ಸರಿ" ಅಂದರು. ಅದಕ್ಕೂ ನಾನು ಚಪ್ಪಾಳೆ ತಟ್ಟಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.